ಮುಡಿಯ ಮೇಲಣ ಹಕ್ಕು

ವೃದ್ಧಾಶ್ರಮವನ್ನು ಸೇರಿದ ಹೆಂಗಸಿನ ತಲೆಗೂದಲನ್ನು, ಹೇನಾಗುವುದೆಂದೋ, ಎಣ್ಣೆ ಹಚ್ಚಿ ಬಾಚುವುದಕ್ಕೆ ಆಳು ಸಾಲದೆಂದೋ, ಆಕೆಯ ಸಮ್ಮತಿಯನ್ನೇ ಕೇಳದೆ ಗಂಡಸರ ಕ್ರಾಪಿನಂತೆ ಕತ್ತರಿಸಿಬಿಡುವುದನ್ನು ಶುಚಿತ್ವದ ಹೆಸರಿನಲ್ಲಿ ಸಮರ್ಥಿಸುವವರು, ಹೇನಿಗೆ ಔಷಧವುಂಟೆಂಬುದನ್ನೂ, ಅಪಮಾನಕ್ಕೆ ಅಂಥದೊಂದು ಔಷಧವಿಲ್ಲವೆಂಬುದನ್ನೂ ಮರೆತಿರುವರು. ವಿಧವೆಯ ಕೇಶಮುಂಡನವನ್ನು ಧರ್ಮವೆಂದು ನಂಬಿದ್ದ ಕಾಲವು ನಮ್ಮ ನಾಡಿನಲ್ಲಿ ಬಹಳ ಹಿಂದಿನದಲ್ಲ. ಸೋದರತ್ತೆಯೋ ಅಜ್ಜಿಯೋ ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗನ್ನೆಳೆದುಕೊಂಡು ಹಿತ್ತಿಲ ಕೋಣೆಯಲ್ಲಿ ಆಯುಷ್ಯವನ್ನು ಸವೆಸಿದುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ವೃದ್ಧೆಯರಿಗೆ ಬಲಾತ್ಕಾರದ ಕತ್ತರಿಯು ಏನೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. ಗಂಡಸರ ಮೀಸೆಯ ವಿಷಯವೂ, ಹಣೆಯ ವಿಭೂತಿ ಕುಂಕುಮಗಳ ವಿಷಯವೂ ಇದೇ.

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 20ನೆಯ ಪ್ರಕರಣವು, ಚಿಕಿತ್ಸಾಲಯದಲ್ಲಿರುವ ಮನೋರೋಗಿಯ ತಲೆಯನ್ನು ಬಲವಂತದಿಂದ ಬೋಳಿಸಕೂಡದೆಂದೂ, ಆತನು ಇಚ್ಛಿಸಿದಲ್ಲಿ ಸ್ವಂತ ಉಡುಪನ್ನೇ ತೊಡಬಹುದೆಂದೂ ಸ್ಪಷ್ಟವಾಗಿ ವಿಧಿಸಿದೆ. ಆದರೆ ಜಿಲ್ಲೆಗೊಂದಾದರೂ ಆಶ್ರಮವಿದ್ದು, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಸರೆಯಾಗಲೆಂದು ಕಲ್ಪಿಸಿದ 2007ರ ಹಿರಿಯ ನಾಗರಿಕರ ಅಧಿನಿಯಮದಲ್ಲಿ ಮುಡಿಯ ಮಾತೇ ಇಲ್ಲ.

ಮರೆವಿನವರ ಸಮ್ಮತಿಯನ್ನು ಕೇಳುವುದೆಂತೆಂದರೆ, ಸ್ಮೃತಿ ಮಾಸಿದವರಿಗೂ ಇಷ್ಟಾನಿಷ್ಟಗಳು ಉಳಿದಿರುತ್ತವೆ. ಬಾಚಣಿಗೆಯನ್ನು ಕಂಡು ತಲೆಯೊಡ್ಡುವವಳು ಕತ್ತರಿಯನ್ನು ಕಂಡು ಹಿಂಜರಿದರೆ, ಅದುವೇ ಆಕೆಯ ಉತ್ತರ. ಆಶ್ರಮಗಳ ನಿರ್ವಹಣೆಗೆ ಮಟ್ಟಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಆ 2007ರ ಅಧಿನಿಯಮವೇ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಿವಾಸಿಯ ಒಪ್ಪಿಗೆಯಿಲ್ಲದೆ ಕೂದಲಿಗೆ ಕತ್ತರಿಯಿಡಕೂಡದೆಂಬ ನಿಯಮವನ್ನು ಸರ್ಕಾರವು ಆ ಮಟ್ಟಗಳಲ್ಲಿ ತಡಮಾಡದೆ ಸೇರಿಸಲಿ.