ಶಿಫಾರಸು ಮಾಡಿದ ಪಾಲಿಕೆಯೇ ಗಾಡಿ ಎತ್ತಿದರೆ?

ಕೋವಿಡ್ ಲಾಕ್‌ಡೌನ್‌ನಿಂದ ಕೈಸೋತ ಬೀದಿಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯನ್ನು ಕೇಂದ್ರ ಸಂಪುಟ 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿ, 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಮೊದಲ ಕಂತಿನ ಸಾಲ 10 ಸಾವಿರದಿಂದ 15 ಸಾವಿರ ರೂಪಾಯಿಗೆ, ಎರಡನೆಯದು 20ರಿಂದ 25 ಸಾವಿರಕ್ಕೆ ಏರಿತು. ಮೂರನೆಯದು 50 ಸಾವಿರದಲ್ಲೇ ಉಳಿಯಿತು.

ಇಷ್ಟು ಸಣ್ಣ ಮೊತ್ತದಿಂದ ಏನಾದೀತು ಎಂದು ಮೂಗು ಮುರಿಯುವವರು ಮಾರುಕಟ್ಟೆಯ ಲೇವಾದೇವಿಯನ್ನು ಕಂಡವರಲ್ಲ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1000 ತೀರಿಸುವ ತರಕಾರಿ ವ್ಯಾಪಾರಿಗೆ, ಸಕಾಲಕ್ಕೆ ಕಂತು ಕಟ್ಟಿದರೆ ಶೇ 7ರ ಬಡ್ಡಿ ಸಹಾಯಧನ ಸಿಗುವ ಬ್ಯಾಂಕ್ ಸಾಲ ದೊಡ್ಡ ಆಸರೆಯೇ ಸರಿ. ಕರ್ನಾಟಕದಲ್ಲಿ 2018ರಲ್ಲಿ ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿರಹಿತ ಸಾಲ ನೀಡಿದ 'ಬಡವರ ಬಂಧು' ಯೋಜನೆಯ ಉದ್ದೇಶವೂ ಈ ದಿನಬಡ್ಡಿಯಿಂದ ಬಿಡಿಸುವುದೇ ಆಗಿತ್ತು.

ತೊಡಕಿರುವುದು ಬ್ಯಾಂಕಿನಲ್ಲಲ್ಲ, ಪಾದಚಾರಿ ಮಾರ್ಗದಲ್ಲಿ. ಅರ್ಜಿದಾರ ವ್ಯಾಪಾರಿ ಹೌದೆಂದು ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಕೊಡುವುದು ನಗರ ಸ್ಥಳೀಯ ಸಂಸ್ಥೆ. ಒತ್ತುವರಿ ತೆರವಿನ ಹೆಸರಿನಲ್ಲಿ ಅವನ ತಳ್ಳುಗಾಡಿಯನ್ನು ಲಾರಿಗೆ ಏರಿಸುವುದೂ ಅದೇ ಸಂಸ್ಥೆ. ಗಾಡಿ ಹೋದರೂ ಮಾಸಿಕ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದರೆ ಬಡ್ಡಿ ಸಹಾಯಧನವೂ ಇಲ್ಲ, ಮುಂದಿನ ಸಾಲವೂ ಇಲ್ಲ. ಕೊನೆಗೆ ಅವನು ಹಿಂತಿರುಗುವುದು ಆ 900 ರೂಪಾಯಿ ಕೊಡುವವನ ಬಳಿಗೇ.

ಪಾದಚಾರಿಗಳಿಗೂ ದಾರಿ ಬೇಕು, ಇದನ್ನು ಅಲ್ಲಗಳೆಯುವಂತಿಲ್ಲ. ಈ ಎರಡನ್ನೂ ಸರಿದೂಗಿಸಲೆಂದೇ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾರನ್ನೂ ಎಬ್ಬಿಸಬಾರದು. ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಆದರೆ ಆ ಸಮಿತಿಯ ಅಧ್ಯಕ್ಷರು ಪಾಲಿಕೆ ಆಯುಕ್ತರು ಅಥವಾ ಮುಖ್ಯಾಧಿಕಾರಿ. ಸಭೆ ಕರೆಯುವುದು ಅವರ ಕೈಯಲ್ಲಿದೆ, ತೆರವಿಗೆ ಆದೇಶಿಸುವುದೂ ಅವರ ಕೈಯಲ್ಲೇ. ಸಾಲ ವಿತರಣೆಯ ಅಂಕಿ-ಅಂಶಗಳನ್ನು ಪ್ರಕಟಿಸುವ ಸಂಸ್ಥೆಗಳು, ಸಾಲ ಪಡೆದವರಲ್ಲಿ ಎಷ್ಟು ಮಂದಿಯ ಗಾಡಿ ಎತ್ತಲಾಯಿತು ಎಂಬುದನ್ನೂ ಅದರ ಪಕ್ಕದಲ್ಲೇ ಪ್ರಕಟಿಸಲಿ.

ವಶಪಡಿಸಿಕೊಂಡ ಸರಕಿನ ಬಗೆಗೂ ಕಾಯ್ದೆ ಸ್ಪಷ್ಟವಾಗಿದೆ. ವ್ಯಾಪಾರಿ ಕೇಳಿಕೊಂಡು ಬಂದರೆ ಕೆಡದ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ, ಹಣ್ಣು-ತರಕಾರಿಯಂಥವನ್ನು ಅದೇ ದಿನ ಹಿಂತಿರುಗಿಸಬೇಕು. ಸಾಲದ ದುಡ್ಡಿನಲ್ಲಿ ತಂದ ಟೊಮೆಟೊ ಮಾರನೆಯ ದಿನ ಕೈಗೆ ಸಿಕ್ಕರೆ ಅದಕ್ಕೆ ಬೆಲೆ ಕಟ್ಟುವವರು ಯಾರು?