ಕೇಸ್ ಪೇಪರಿನಲ್ಲಿ ಆಕೆ ಬರೀ ಗೃಹಿಣಿ

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯಲ್ಲಿ ಹೆಸರು, ವಯಸ್ಸು, ಗಂಡನ ಹೆಸರು ಕೇಳುತ್ತಾರೆ. ಉದ್ಯೋಗ ಎಂಬ ಜಾಗದಲ್ಲಿ ಮಾತ್ರ ಕೇಳದೆಯೇ 'ಗೃಹಿಣಿ' ಎಂದು ಬರೆದುಬಿಡುತ್ತಾರೆ. ದಕ್ಷಿಣ ಕನ್ನಡದ ಒಬ್ಬಾಕೆ ಸಲಹಾ ಕೇಂದ್ರಕ್ಕೆ ತಂದಿದ್ದ ನಾಲ್ಕು ವರ್ಷಗಳ ಚೀಟಿಗಳನ್ನು ಹರಡಿಕೊಂಡು ನೋಡಿದೆವು. ಸೊಂಟನೋವು, ಕುತ್ತಿಗೆ ನೋವು, ಬಿಡದ ಕೆಮ್ಮು, ರಕ್ತಹೀನತೆ. ಒಂದರಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದದ್ದು'. ಹನ್ನೆರಡನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತಿದ್ದಾಳೆ ಎಂಬುದು ಯಾವುದರಲ್ಲೂ ಇಲ್ಲ. ಆಕೆ ಜಾರಿ ಬಿದ್ದದ್ದಲ್ಲ, ಗಂಡ ದೂಡಿದ್ದು, ಅದೂ ಇಲ್ಲ.

ದುಡಿಮೆಯ ದರ್ಜೆಗೂ ಕಾಯಿಲೆಗೂ ಇರುವ ನಂಟು ಹೊಸ ಸಂಗತಿಯೇನಲ್ಲ. ಬ್ರಿಟನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ, ತೀರಾ ಕೆಳದರ್ಜೆಯ ಸರ್ಕಾರಿ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂತು. ಸಿಗರೇಟು, ರಕ್ತದೊತ್ತಡಗಳ ಲೆಕ್ಕ ಕಳೆದರೂ ಅಂತರ ಮುಚ್ಚಲಿಲ್ಲ. ಆದರೆ ಅದರಲ್ಲಿದ್ದವರೆಲ್ಲ ಗಂಡಸರು. ಹೆಂಗಸರನ್ನು ಸೇರಿಸಿಕೊಂಡದ್ದು 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ. ಮದುವೆಯಾದವಳ ವರ್ಗವನ್ನು ಗಂಡನ ಉದ್ಯೋಗದಿಂದಲೇ ಗುರುತಿಸುವ ರೂಢಿ ಆ ದೇಶದ ಸರ್ಕಾರಿ ಲೆಕ್ಕಗಳಲ್ಲಿ ಬಹುಕಾಲ ಇತ್ತು. ಕಿಟಕಿಯ ಗುಮಾಸ್ತನೊಬ್ಬನನ್ನೇ ಬೈದು ಏನು ಪ್ರಯೋಜನ?

ನಮ್ಮಲ್ಲೇ ನೋಡಿ. ಅದೇ ಹೊಗೆಸೊಪ್ಪು, ಅದೇ ಧೂಳು. ಆದರೆ ನಿಪ್ಪಾಣಿಯ ಹೆಂಗಸರ ಕತೆ ಬೇರೆ, ಕರಾವಳಿಯವರದು ಬೇರೆ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಸೊಪ್ಪು ಕುಟ್ಟಿ ಜರಡಿ ಹಿಡಿಯುತ್ತಿದ್ದವರು ಒಂದೇ ಸೂರಿನಡಿ ಕೆಮ್ಮುತ್ತಿದ್ದರು. ಪಕ್ಕದವಳ ಕೆಮ್ಮು ಕೇಳಿಸುತ್ತಿತ್ತು. 1980ರ ಹೊತ್ತಿಗೆ ಅವರು ಸಂಘ ಕಟ್ಟಿಕೊಂಡರು. ಯುಗಾಂತರ ಗುಂಪಿನ ದೀಪಾ ಧನರಾಜ್ 1982ರಲ್ಲಿ ಅವರ ಬಗ್ಗೆ ತೆಗೆದ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ಕರಾವಳಿಯ ಬೀಡಿ ಕೆಲಸ ಮನೆಯೊಳಗೆ ನಡೆಯುತ್ತದೆ. ಎಲೆ, ತಂಬಾಕು ಬ್ರಾಂಚಿನಿಂದ ಮನೆಗೆ ಬರುತ್ತದೆ. ಮಡಿಲಲ್ಲಿ ಮೊರ ಇಟ್ಟುಕೊಂಡು, ಕತ್ತು ಬಗ್ಗಿಸಿ, ರಾತ್ರಿ ಹತ್ತರವರೆಗೂ ಕಟ್ಟುವುದು. ಮಗು ಅದೇ ಕೋಣೆಯಲ್ಲಿ ಮಲಗಿರುತ್ತದೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸರಿಯಿಲ್ಲವೆಂದು ತೆಗೆದು ಎಸೆದದ್ದಕ್ಕೆ ಕೂಲಿಯಿಲ್ಲ. ಕೆಮ್ಮು ಮನೆಮನೆಗೆ ಹಂಚಿಹೋಗಿ 'ಅವಳ ಮೈಗುಣ' ಆಗಿಬಿಡುತ್ತದೆ, ಹೊಡೆತ 'ಅವರ ಮನೆಯ ವಿಷಯ' ಆಗುವ ಹಾಗೆಯೇ.

ಇದಕ್ಕೆ ವರದಕ್ಷಿಣೆಯನ್ನು ಸೇರಿಸಿ ನೋಡಿ. ಈ ಕಡೆ ಎಷ್ಟೋ ಹುಡುಗಿಯರು ತಮ್ಮ ಮದುವೆಯ ಚಿನ್ನವನ್ನು ತಾವೇ ಬೀಡಿ ಕಟ್ಟಿ ಮಾಡಿಕೊಳ್ಳುತ್ತಾರೆ. 'ಅಪ್ಪನಿಗೆ ಹೊರೆಯಾಗಲಿಲ್ಲ' ಎಂದು ಊರು ಹೊಗಳುತ್ತದೆ. ಆ ಚಿನ್ನದ ಜೊತೆ ಸೊಂಟನೋವನ್ನೂ ಹೊತ್ತುಕೊಂಡೇ ಹುಡುಗಿ ಗಂಡನ ಮನೆಗೆ ಹೋಗುತ್ತಾಳೆ ಎಂಬುದು ಯಾರ ಲೆಕ್ಕದಲ್ಲೂ ಇಲ್ಲ. ಅಲ್ಲಿಯೂ ಮೊರ ತಪ್ಪುವುದಿಲ್ಲ. ನಮ್ಮಲ್ಲಿಗೆ ಬಂದಾಕೆ ಹೇಳಿದ್ದು: "ಸಾವಿರ ಕಟ್ಟುವಾಗ ಅತ್ತೆಗೆ ನಾನು ಒಳ್ಳೆಯವಳು. ಬೆನ್ನು ಕೂಡದೆ ಐನೂರಕ್ಕೆ ಇಳಿದ ಮೇಲೆ ತವರಿಂದ ಏನು ತಂದೆ ಅಂತ ಶುರುವಾಯಿತು." ಕಾಯಿಲೆಯೇ ಹೊಡೆತಕ್ಕೆ ನೆಪವಾಯಿತು, ಹೊಡೆತದಿಂದ ಇನ್ನೊಂದು ಕಾಯಿಲೆ.

ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ, ಭವಿಷ್ಯನಿಧಿಗೆ ಅರ್ಹರೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹೆಂಡತಿಯ ಹಣ, ಒಡವೆ ಕಿತ್ತುಕೊಳ್ಳುವುದೂ ಹಿಂಸೆಯೇ ಎಂದು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೇಳುತ್ತದೆ. ಆದರೆ ಬೀಡಿ ಕಾರ್ಮಿಕರಿಗೆಂದು 1976ರ ಕಾಯ್ದೆಯಡಿ ವಸೂಲಾಗುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಆಗ ಎಷ್ಟು ಮಹಿಳಾ ಸಂಘಟನೆಗಳು ಬೀದಿಗಿಳಿದವು? ಅದು ಯೂನಿಯನ್ನಿನವರ ಕೆಲಸ ಎಂದುಕೊಂಡೆವು. ಗಂಡನ ಉದ್ಯೋಗ, ಸಂಬಳವನ್ನು ನಮ್ಮ ಸಲಹಾ ಕೇಂದ್ರದ ಅರ್ಜಿಯೂ ಮೊದಲ ಪುಟದಲ್ಲೇ ಕೇಳುತ್ತದೆ. ಆಕೆಯದನ್ನು ಕೇಳುವುದು ಕೊನೆಯ ಪುಟದಲ್ಲಿ. ಆಕೆ ಎಷ್ಟು ವರ್ಷದಿಂದ ಯಾವ ಕೆಲಸ ಮಾಡುತ್ತಿದ್ದಾಳೆ, ಎಲ್ಲಿ ನೋವು, ಕೂಲಿ ಯಾರ ಕೈಗೆ ಹೋಗುತ್ತದೆ ಎಂಬುದು ಮೊದಲ ಪುಟಕ್ಕೆ ಬರಬೇಕು. ಆಸ್ಪತ್ರೆಯವರೂ ಇದನ್ನು ಕೇಳಿ ಬರೆಯಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸಬೇಕು.

ಮುಂದಿನ ಸಲ ಆಕೆ ಆಸ್ಪತ್ರೆಗೆ ಹೋದಾಗ ನಮ್ಮವರೊಬ್ಬರು ಜೊತೆಗಿದ್ದರು. 'ಬೀಡಿ ಕಾರ್ಮಿಕೆ' ಎಂದು ಬರೆಯಿರಿ ಎಂದರೆ ಗುಮಾಸ್ತ, "ಅದು ಮನೆಯಲ್ಲೇ ಕೂತು ಮಾಡುವುದಲ್ವಾ?" ಎಂದನಂತೆ. ಹಿಂದೆ ಸಾಲು ಬೆಳೆಯುತ್ತಿತ್ತು. ಇಬ್ಬರೂ ಕಿಟಕಿ ಬಿಟ್ಟು ಕದಲಲಿಲ್ಲ, ಬರೆಸಿಕೊಂಡೇ ಬಂದರು.