ಜಾಮೀನು ಸಿಕ್ಕಿತು, ಶ್ಯೂರಿಟಿ ಸಿಗಲಿಲ್ಲ

ಚಿಕ್ಕಮಗಳೂರಿನ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರಿಗೆ,

ಮಾನ್ಯರೇ,

ಈ ಪತ್ರ ಯಾವ ಒಂದು ಪ್ರಕರಣದ ಕುರಿತೂ ಅಲ್ಲ. ಕೋರ್ಟಿನ ಮುಂದಿರುವ ವಿಷಯದಲ್ಲಿ ಹೊರಗಿನವರು ಬಾಯಿ ಹಾಕಬಾರದೆಂಬ ತಿಳಿವಳಿಕೆ ನನಗಿದೆ. ನಿಮ್ಮದೇ ಅಧ್ಯಕ್ಷತೆಯಲ್ಲಿ ಸೇರುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯಿಂದ ಒಂದು ಲೆಕ್ಕ ಕೇಳುವುದಿದೆ, ಅಷ್ಟೆ.

ಪ್ರತಿ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ ಎಷ್ಟು ಮಂದಿ ಇದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುತ್ತದೆ. 2015ರಲ್ಲಿ 4,19,623. 2022ರಲ್ಲಿ 5,73,220. ಏಳೇ ವರ್ಷದಲ್ಲಿ ಒಂದೂವರೆ ಲಕ್ಷ ಮೀರಿದ ಈ ಏರಿಕೆ ನೋಡಿ ಅಪರಾಧಿಗಳು ಹೆಚ್ಚಾದರು ಎಂದು ಯಾರಾದರೂ ಹೇಳಿಯಾರು. ಪಕ್ಕದ ಕಾಲಂ ಬೇರೆಯೇ ಹೇಳುತ್ತದೆ. ಶಿಕ್ಷೆಯಾದವರು 2015ರಲ್ಲಿ 1,34,168 ಇದ್ದರು. 2022ರಲ್ಲಿ 1,33,415, ಅಂದರೆ ತುಸು ಕಡಿಮೆಯೇ. ವಿಚಾರಣಾಧೀನರು ಮಾತ್ರ 2,82,076ರಿಂದ 4,34,302ಕ್ಕೆ ಏರಿದರು. ಹೆಚ್ಚಿದ್ದು ಹೆಚ್ಚೂಕಡಿಮೆ ಪೂರ್ತಿ ತೀರ್ಪು ಕಾಯುವವರೇ. ಈ ನಡುವೆ ಜೈಲುಗಳಲ್ಲಿ ಸುಮಾರು 70 ಸಾವಿರ ಮಂದಿಗೆ ಹೊಸದಾಗಿ ಜಾಗ ಮಾಡಲಾಯಿತು. ಅದೂ ತುಂಬಿ, 2022ರಲ್ಲಿ ನೂರು ಜನರ ಜಾಗದಲ್ಲಿ 131 ಜನರಿದ್ದರು. ಜಗತ್ತಿನ ಜೈಲುಗಳಲ್ಲಿ ಸರಾಸರಿ ಮೂವರಲ್ಲಿ ಒಬ್ಬರು ವಿಚಾರಣಾಧೀನರಾದರೆ ನಮ್ಮಲ್ಲಿ ನಾಲ್ವರಲ್ಲಿ ಮೂವರು. 2023ರ ಎಣಿಕೆಯಲ್ಲಿ ಒಟ್ಟು ಸಂಖ್ಯೆ ಇಳಿದಿದ್ದರೂ ಈ ಪಾಲು ಹೆಚ್ಚು ಬದಲಾಗಿಲ್ಲ.

ಎಣಿಕೆಯ ಆ ದಿನ ನಮ್ಮ ಕಡೆ ಕಾಫಿ ಕೊಯ್ಲಿನ ಭರಾಟೆ. ಮೂಡಿಗೆರೆ, ಕಳಸ, ಆಲ್ದೂರಿನ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನವರು, ಬಂಗಾಳದವರು, ಉತ್ತರ ಕರ್ನಾಟಕದವರು ತುಂಬಿರುತ್ತಾರೆ. ಅವರಲ್ಲೊಬ್ಬ ಕುಡಿದ ಜಗಳಕ್ಕೋ, ಕದ್ದ ಮೆಣಸಿನ ಚೀಲಕ್ಕೋ ಸಿಕ್ಕಿಬಿದ್ದ ಎನ್ನಿ. ಜಾಮೀನು ಸಿಗುತ್ತದೆ, ಆದೇಶದಲ್ಲಿ ಸ್ಥಳೀಯ ಶ್ಯೂರಿಟಿ ಕೇಳಿರುತ್ತದೆ. ಶ್ಯೂರಿಟಿ ಎಂದರೆ ಪಹಣಿ. ಲೈನಿನಲ್ಲಿರುವ ಯಾರ ಹೆಸರಿಗೆ ಪಹಣಿ ಇದೆ? ಇರುವುದು ತೋಟದ ಮಾಲೀಕರಿಗೆ. ಅವರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಯ್ಲಿನ ನಡುವೆ ಕಳಸದಿಂದ ತೊಂಬತ್ತು ಕಿಲೋಮೀಟರ್ ಘಾಟಿ ರಸ್ತೆ ಹಿಡಿದು ಬಂದು ಕೋರ್ಟಿನಲ್ಲಿ ನಿಲ್ಲುವ ಮಾಲೀಕರು ಎಷ್ಟಿದ್ದಾರೋ ನೀವೇ ಹೇಳಬೇಕು.

ಹೊರಗಿನವರ ಪಾಡಷ್ಟೇ ಅಲ್ಲ ಇದು. ತಲೆಮಾರುಗಳಿಂದ ಇಲ್ಲೇ ಕಾಫಿ, ಏಲಕ್ಕಿ ಮಾಡಿಕೊಂಡು ಬಂದ ಸಣ್ಣ ಹಿಡುವಳಿದಾರರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಇರುವುದು ಬಗರ್‌ಹುಕುಂ ಫಾರಂ 53, 57ರ ಸ್ವೀಕೃತಿ ಚೀಟಿ. ಅರಣ್ಯ, ಕಂದಾಯ ಇಲಾಖೆಗಳ ಹಗ್ಗಜಗ್ಗಾಟ ಮುಗಿದು ಅದು ಪಹಣಿಯಾಗುವವರೆಗೆ ಅಣ್ಣನಿಗೆ ತಮ್ಮನೂ ಶ್ಯೂರಿಟಿ ನಿಲ್ಲಲಾರ.

ಸುಪ್ರೀಂ ಕೋರ್ಟ್ ಈ ಗಂಟನ್ನು 1978ರಲ್ಲೇ ಬಿಡಿಸಲು ನೋಡಿತ್ತು. ಮೋತಿರಾಮ್ ಎಂಬ ಗಾರೆ ಕೆಲಸದವನ ಮೊಕದ್ದಮೆ ಅದು. ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ ಮ್ಯಾಜಿಸ್ಟ್ರೇಟರು, ಶ್ಯೂರಿಟಿ ನಿಂತ ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. ಅದಾಗಿ ನಲವತ್ತೈದು ವರ್ಷಕ್ಕೆ, 2023ರ ಜನವರಿ 31ರಂದು, ಅದೇ ಕೋರ್ಟ್ ಮತ್ತೆ ಅದೇ ಮಾತು ಹೇಳಬೇಕಾಯಿತು: ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದವರ ವಿಷಯವನ್ನು ಜೈಲು ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟೇ ನೋಡಬಹುದು, ಅಂಥ ಕಡೆ ಸ್ಥಳೀಯ ಶ್ಯೂರಿಟಿಯ ಹಟ ಬೇಡ. ಅದೇ ವರ್ಷ ಬಡ ಕೈದಿಗಳ ಜಾಮೀನಿಗೆ 40 ಸಾವಿರದವರೆಗೆ ನೆರವು ನೀಡುವ ಯೋಜನೆ ಕೇಂದ್ರ ಗೃಹ ಇಲಾಖೆಯಿಂದ ಬಂತು. ದುಡ್ಡು ಕೊಡಬಹುದು, ಪಹಣಿ ಎಲ್ಲಿಂದ ಕೊಡುವುದು? 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರ ಮೇಲೆಯೇ ಇದೆ.

ಕಾನೂನಿಗೆ ಕೊರತೆಯಿಲ್ಲ, ಲೆಕ್ಕಕ್ಕಿದೆ. ವಿಚಾರಣಾಧೀನರು ಎಷ್ಟು, ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನು ದೆಹಲಿಯ ವರದಿ ಎಣಿಸುತ್ತದೆ. ಜಾಮೀನು ಸಿಕ್ಕ ಮೇಲೂ ನಮ್ಮ ಜಿಲ್ಲಾ ಕಾರಾಗೃಹದಲ್ಲಿ ಉಳಿದವರು ಎಷ್ಟು ಮಂದಿ ಎಂಬುದನ್ನು ಊರಿನವರು ತಿಳಿಯಬೇಕಾದರೆ ನಿಮ್ಮ ಸಮಿತಿಯೇ ಹೇಳಬೇಕು. ಆರೋಪಿ ತಲೆಮರೆಸಿಕೊಂಡರೆ ಯಾರು ಹೊಣೆ ಎಂದು ಪೊಲೀಸರು ಕೇಳುವುದು ತಪ್ಪಲ್ಲ. ಅಸ್ಸಾಮಿಗೆ ಹೋದವನನ್ನು ಹುಡುಕಿ ತರುವುದು ಸುಲಭವೂ ಅಲ್ಲ. ಆದರೆ ಮೂರು ತಿಂಗಳ ಶಿಕ್ಷೆಯ ಆರೋಪಕ್ಕೆ ಆರು ತಿಂಗಳು ಕೂರಿಸುವುದು ಅದಕ್ಕೆ ಉತ್ತರವಲ್ಲ.

ಆದ್ದರಿಂದ ನನ್ನ ಕೋರಿಕೆ. ಜಾಮೀನು ಆದೇಶವಾಗಿ ಏಳು ದಿನ ಮೀರಿದರೂ ಒಳಗಿರುವವರ ಸಂಖ್ಯೆಯನ್ನು, ಹೆಸರು ಬಿಟ್ಟು, ಕಾರಣ ಸಮೇತ, ಸಮಿತಿಯ ಪ್ರತಿ ಸಭೆಯ ನಂತರ ಕೋರ್ಟಿನ ನೋಟಿಸ್ ಬೋರ್ಡಿಗೆ ಹಾಕಿಸಿ. ಮೂಡಿಗೆರೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಅದರ ಒಂದು ಪ್ರತಿ ಇರಲಿ. ಮುಂದಿನ ಕೊಯ್ಲು ಶುರುವಾಗುವ ಮುನ್ನ ಮೊದಲ ಪಟ್ಟಿ ಬರಲಿ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ನಾಗರಿಕ